ಮಂಗಟ್ಟೆ ಮನೆಯ ಬೀಜದ ರಾಶಿ

ಹೊಳೆ ಎರಡು ಸಲ ಮಗ್ಗುಲು ಬದಲಿಸಿ ಹರಿಯುವ ಒಂದು ಕಾಡಿನಲ್ಲಿ, ಬಲದಂಡೆಯ ಹಳೆಯ ತಾರೆ ಮರದ ಪೊಟರೆಯಲ್ಲಿ, ದಾಕ್ಷಾಯಣಮ್ಮ ಎಂಬ ಮಂಗಟ್ಟೆ ಹಕ್ಕಿಯ ಮನೆ ಇತ್ತು. ಅಷ್ಟು ಹಳೆಯ, ಅಷ್ಟು ಮರ್ಯಾದಸ್ಥ ಮನೆತನ ಆ ದಂಡೆಯಲ್ಲಿ ಇನ್ನೊಂದಿರಲಿಲ್ಲ. ಅವಳ ಅಮ್ಮ ಅದೇ ಪೊಟರೆಯಲ್ಲಿ ಮೊಟ್ಟೆಯೊಡೆದು ಬಂದವಳು. ಅಜ್ಜಿಯೂ ಅಲ್ಲೇ, ಮುತ್ತಜ್ಜಿಯೂ ಅಲ್ಲೇ. ಅದಕ್ಕೂ ಹಿಂದಿನ ನಾಲ್ಕು ತಲೆಮಾರಿನವರ ಹೆಸರನ್ನು ದಾಕ್ಷಾಯಣಮ್ಮ ಒಂದೂ ತಪ್ಪದೆ ಹೇಳುತ್ತಿದ್ದಳು. ಕೇಳುವವರಿಗೆ ಪುರುಸೊತ್ತು ಇದೆಯೋ ಇಲ್ಲವೋ ಎಂದು ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ಮನೆತನದ ಹೆಚ್ಚುಗಾರಿಕೆ ಬರೀ ಹೆಸರಿನದಲ್ಲ. ಅವಳ ಹಿರಿಯರು ಹಣ್ಣು ನುಂಗಿ, ಹೊಳೆ ದಾಟಿ, ಗುಡ್ಡ ದಾಟಿ ಬೀಜ ಉಗುಳಿದ ಕಡೆಯಲ್ಲೆಲ್ಲ ಮರಗಳು ಎದ್ದಿದ್ದವು. ದಂಡೆಯ ಬಸರಿ, ಧೂಪ, ರಾಮಪತ್ರೆ ಮರಗಳಲ್ಲಿ ಅರ್ಧಕ್ಕರ್ಧ ಹಾಗೆ ಬಂದವು. ಮಧ್ಯಾಹ್ನ ನೆರಳಿಗೆಂದು ಯಾರು ಎಲ್ಲಿ ನಿಂತರೂ ತಮ್ಮ ಮನೆಯವರು ಬಿತ್ತಿದ ಮರದ ಕೆಳಗೇ ನಿಲ್ಲುತ್ತಾರೆ ಎಂಬುದು ದಾಕ್ಷಾಯಣಮ್ಮನಿಗೆ ತಿಳಿದಿತ್ತು. ನಿಂತವರಿಗೂ ಅದು ತಿಳಿದಿರಬೇಕು ಎಂದು ಅವಳು ಬಯಸುತ್ತಿದ್ದಳು.

ಮನೆಯಲ್ಲಿ ಕಟ್ಟುನಿಟ್ಟುಗಳಿದ್ದವು. ಹಣ್ಣನ್ನು ಒಂದೊಂದಾಗಿ ತಿನ್ನಬೇಕು. ತಿಂದ ಮೇಲೆ ಕೊಕ್ಕು ಒರೆಸಿಕೊಳ್ಳಬೇಕು. ಬೀಜವಾಗಲಿ ಹಿಕ್ಕೆಯಾಗಲಿ ಒಳಗೆ ಒಂದು ಚೂರೂ ಉಳಿಯಬಾರದು, ಎಲ್ಲವೂ ಹೊರಗೆ ಬೀಳಬೇಕು. ಬಾಯಲ್ಲಿ ಊಟ ಇರುವಾಗ ಮಾತಾಡಬಾರದು. ಅವಳ ಗಂಡ ಶಂಭುರಾಯರು ಹೊಳೆಯ ಆಚೆ ದಂಡೆಯಿಂದ ಬಂದವರು. ಬಂದ ಮೊದಲ ವರ್ಷವೇ ಈ ಕಟ್ಟುನಿಟ್ಟುಗಳನ್ನೆಲ್ಲ ಕಲಿತುಕೊಂಡಿದ್ದರು. ಮೊದಲೇ ಮಾತು ಕಡಿಮೆಯವರು. ಅವರ ಪಾಲಿಗೆ ಕೊನೆಯದೇನೂ ಕಷ್ಟವಾಗಲಿಲ್ಲ.

ಮಂಗಟ್ಟೆಗಳಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆ ಇಡುವ ಕಾಲಕ್ಕೆ ಹೆಂಡತಿ ಪೊಟರೆಯೊಳಗೆ ಹೋಗಿ, ಮಣ್ಣು ಮತ್ತು ಹಿಕ್ಕೆ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಕೊಕ್ಕಿನ ತುದಿ ಆಡುವಷ್ಟು ಒಂದು ಸೀಳು ಮಾತ್ರ ಬಿಡುತ್ತಾಳೆ. ಒಳಗೆ ಕುಳಿತ ಮೇಲೆ ಅವಳ ರೆಕ್ಕೆಯ ಗರಿಗಳು ಉದುರುತ್ತವೆ. ಹೊಸ ಗರಿ ಬರುವವರೆಗೆ ಹಾರಲಾರಳು. ಅಷ್ಟು ದಿನವೂ ಗಂಡ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಮೇಲಕ್ಕೆ ತಂದು, ಆ ಸೀಳಿನಲ್ಲಿ ಉಣಿಸುತ್ತಾನೆ. ಅವನು ಬಂದರೆ ಊಟ. ಬರದಿದ್ದರೆ ಒಳಗಿನವರಿಗೆ ಬೇರೆ ದಿಕ್ಕಿಲ್ಲ.

ದಾಕ್ಷಾಯಣಮ್ಮ ಆ ಸಲ ಬಾಗಿಲು ಮುಚ್ಚಿಕೊಂಡದ್ದು ಧೂಪದ ಹಣ್ಣಿನ ಕಾಲದಲ್ಲಿ. ಧೂಪ ಮುಗಿದು, ಬೂರುಗ ಹೂಬಿಟ್ಟು, ರಾಮಪತ್ರೆ ಹಣ್ಣಾಗಿ, ಈಗ ಬಸರಿ ಬಂದಿತ್ತು. ಮೊಟ್ಟೆಯೊಡೆದು ಕೂಸು ಹೊರಬಂದು ಹತ್ತು ದಿನವಾಗಿತ್ತು. ಸೀಳಿನಿಂದ ಅವಳಿಗೆ ಹೊರಗಿನ ಲೋಕ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು: ಎದುರಿನ ಹೊನ್ನೆ ಮರದ ಒಂದು ಕೊಂಬೆ, ಕೆಳಗೆ ಕಾಲುದಾರಿಯ ಒಂದು ತುಂಡು, ಮರದ ಬುಡದಲ್ಲಿ ಮೂರು ತಿಂಗಳಿಂದ ತಾನೇ ಹೊರಗೆ ಹಾಕಿದ ಬೀಜ ಸಿಪ್ಪೆಗಳ ರಾಶಿ. ಗಂಡ ಬರುವುದು ಕಾಣುವುದಕ್ಕೆ ಮೊದಲೇ ಅವರ ರೆಕ್ಕೆಯ ಭಾರವಾದ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ಕೂಸು ಬಾಯಿ ತೆರೆಯುತ್ತಿತ್ತು. ದಾಕ್ಷಾಯಣಮ್ಮ ಮಾತ್ರ ಅಲ್ಲಾಡುತ್ತಿರಲಿಲ್ಲ. ಆದರೆ ಸದ್ದು ಸ್ವಲ್ಪ ತಡವಾದರೆ ಅವಳು ಮನಸ್ಸಿನಲ್ಲೇ ಮುತ್ತಜ್ಜಿಯರ ಹೆಸರು ಹೇಳಿಕೊಳ್ಳಲು ಶುರುಮಾಡುತ್ತಿದ್ದಳು.

ಆ ರಾಶಿಯ ವಿಷಯದಲ್ಲಿ ಅವಳಿಗೊಂದು ಕಿರಿಕಿರಿ ಇತ್ತು. ನಿಂಗಜ್ಜ ಎಂಬ ಮುದಿ ಆಮೆ ದಿನವೂ ಬೆಳಿಗ್ಗೆ ಬಂದು ಅದನ್ನು ನೋಡುತ್ತಿದ್ದ. ಅವನ ಕೆಲಸವೇ ಅದು. ಯಾವ ಮರದ ಹಣ್ಣು ಯಾವಾಗ ಬಿತ್ತು, ಯಾರು ತಿಂದರು, ತಿಂದವರ ಹಿಕ್ಕೆಯಲ್ಲಿ ಏನಿತ್ತು, ಆ ಬೀಜ ಎಲ್ಲಿ ಮೊಳೆಯಿತು ಎಂದು ಅವನು ದಂಡೆಯುದ್ದಕ್ಕೂ ನೋಡಿಕೊಂಡು ನಡೆಯುತ್ತಿದ್ದ. ನೋಡಿದ್ದನ್ನು ಮರೆಯುತ್ತಿರಲಿಲ್ಲ. ಕಾಡಿನವರು ಅವನನ್ನು ಹಿಕ್ಕೆ ಪಂಡಿತ ಎಂದು ಕರೆದು ನಗುತ್ತಿದ್ದರು. ದಾಕ್ಷಾಯಣಮ್ಮ ನಗುತ್ತಿರಲಿಲ್ಲ. ಮರ್ಯಾದಸ್ಥರ ಮನೆಯ ಕಸವನ್ನು ಹೊರಗಿನವರು ಮೂಸುವುದು ಅವಳಿಗೆ ಸಹಿಸದ ವಿಷಯವಾಗಿತ್ತು.

ಸಹಿಸದಿರಲು ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಮ್ಮದು ಹಣ್ಣಿನ ಮನೆತನ ಎಂದು ಅವಳು ಎಲ್ಲರೆದುರು ಹೇಳಿಕೊಂಡಿದ್ದಳು. ಆದರೆ ಕೂಸು ಹುಟ್ಟಿದ ಮೇಲೆ ಬರೀ ಹಣ್ಣಿನಲ್ಲಿ ಅದರ ಎಲುಬು ಬಲಿಯುವುದಿಲ್ಲ. ಶಂಭುರಾಯರು ಹಣ್ಣಿನ ಜೊತೆ ಜೀರುಂಡೆ ತರುತ್ತಿದ್ದರು. ಎರಡು ಸಲ ಓತಿಕ್ಯಾತವನ್ನೂ ತಂದಿದ್ದರು. ಆ ಎಲುಬುಗಳು ರಾಶಿಯ ಮೇಲೇ ಬಿದ್ದಿದ್ದವು. ನಿಂಗಜ್ಜ ಅವನ್ನು ನೋಡಿದ್ದನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕೇಳುವುದಂತೂ ಆಗದ ಮಾತು.

ಅವಳಿಗೆ ಹಿಡಿಸಿದವನು ಮುಂಗುಸಿ ನಂಜುಂಡ. ಅವನು ದಾರಿಯಲ್ಲಿ ಹೋಗುವಾಗಲೆಲ್ಲ ಮರದ ಕೆಳಗೆ ನಿಂತು, ತಲೆಯೆತ್ತಿ, ಅಮ್ಮಾವ್ರು ಕ್ಷೇಮವೇ ಎಂದು ವಿಚಾರಿಸುತ್ತಿದ್ದ. ಅವಳ ಮುತ್ತಜ್ಜಿಯ ಮಾತನ್ನು ತಾನಾಗಿಯೇ ತೆಗೆಯುತ್ತಿದ್ದ. ಈ ದಂಡೆಯಲ್ಲಿ ಗೂಡುಗಳಿಗೆ ಕಾವಲಿಲ್ಲ, ನಂಬಿಕಸ್ಥರು ಒಬ್ಬರು ಆ ಹೊಣೆ ಹೊರಬೇಕು, ತನಗೆ ಬೇರೆ ಕೆಲಸ ಬೇಕಾದಷ್ಟಿದ್ದರೂ ಹಿರಿಯರು ಹೇಳಿದರೆ ಒಲ್ಲೆ ಎನ್ನಲಾರೆ ಎಂದು ಹೇಳುತ್ತಿದ್ದ. ವಿನಯವಂತ ಎಂದು ಅವಳು ಗಂಡನ ಮುಂದೆ ಹೊಗಳಿದ್ದಳು. ಶಂಭುರಾಯರು ಅದನ್ನು ಕೇಳಿ ಇನ್ನೊಂದು ಹಣ್ಣು ಕೊಟ್ಟಿದ್ದರು.

ಒಂದು ಮಧ್ಯಾಹ್ನ ಮರದ ಹಿಂಬದಿಯಲ್ಲಿ ಮಣ್ಣು ಕೆರೆಯುವ ಸದ್ದು ಕೇಳಿತು. ಸೀಳಿನಿಂದ ಆ ಕಡೆ ಕಾಣುತ್ತಿರಲಿಲ್ಲ. ನಿಂಗಜ್ಜನೇ ಇರಬೇಕೆಂದು ದಾಕ್ಷಾಯಣಮ್ಮ, ಬೆಳಿಗ್ಗೆ ನೋಡಿದ್ದು ಸಾಲದೇ, ಹೊತ್ತಿಲ್ಲ ಗೊತ್ತಿಲ್ಲ ಬಂದು ಕೆದಕುವುದು ಯಾವ ಊರಿನ ನಡತೆ ಎಂದು ಗದರಿದಳು. ಸದ್ದು ನಿಂತಿತು.

ಮರುದಿನ ಬೆಳಿಗ್ಗೆ ಕಾಲುದಾರಿಯಲ್ಲಿ ಗದ್ದಲ ಎದ್ದಿತು. ಕಾಡುಕೋಳಿ ಕೆಂಪಿಯ ಆರು ಮೊಟ್ಟೆಗಳೂ ಕಳುವಾಗಿದ್ದವು. ಹಿಂದಿನ ದಿನ ಅವಳು ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಗೂಡು ಬರಿದಾಗಿತ್ತು. ಅವಳು ಅಳುತ್ತ ದಂಡೆಯ ಹಿರಿಯರಾದ ರುದ್ರೇಗೌಡರ ಹತ್ತಿರ ಹೋಗಿದ್ದಳು. ರುದ್ರೇಗೌಡರು ಭಾರಿ ಮೈಯ ಕಾಟಿ, ಎಂದರೆ ಕಾಡುಕೋಣ. ನ್ಯಾಯ ಹೇಳುವುದರಲ್ಲಿ ಅವರಿಗೆ ಆಸೆ ಹೆಚ್ಚು, ಪುರುಸೊತ್ತು ಕಡಿಮೆ. ಅವರ ಹಿಂದೆ ಅರ್ಧ ಕಾಡು ಬಂದಿತ್ತು. ಎಲ್ಲರಿಗಿಂತ ಮುಂದೆ ನಂಜುಂಡ ಇದ್ದ.

ಅಷ್ಟರಲ್ಲೇ ಶಂಭುರಾಯರ ರೆಕ್ಕೆಯ ಸದ್ದು ಕೇಳಿತು. ಕೂಸು ಬಾಯಿ ತೆರೆಯಿತು. ಆದರೆ ರಾಯರು ಪೊಟರೆಯ ಹತ್ತಿರ ಬರುವ ಮೊದಲೇ ಗೌಡರು ಕೂಗಿ ತಡೆದರು. ರಾಯರು ಹೊನ್ನೆ ಮರದ ಕೊಂಬೆಯ ಮೇಲೆ ಕುಳಿತರು.

ನಂಜುಂಡ ಬಹಳ ಸಂಕೋಚದಿಂದ ಮಾತು ಶುರುಮಾಡಿದ. ದೊಡ್ಡವರ ಮನೆಯ ಮೇಲೆ ಹೇಳಲು ತನಗೆ ನಾಲಿಗೆ ಬರುವುದಿಲ್ಲ ಎಂದ. ಅಮ್ಮಾವ್ರ ಮನೆತನದ ಬಗ್ಗೆ ಯಾರೂ ಒಂದು ಮಾತು ಆಡುವಂತಿಲ್ಲ, ಆದರೆ ರಾಯರು ಆಚೆ ದಂಡೆಯವರು, ಆ ಕಡೆಯ ಅಭ್ಯಾಸಗಳು ನಮಗೇನು ಗೊತ್ತು ಎಂದ. ನಿನ್ನೆ ಕೋಳಿಯ ಗೂಡಿನ ಕಡೆಯಿಂದ ರಾಯರು ಹಾರಿ ಬಂದದ್ದನ್ನು ಕಣ್ಣಾರೆ ಕಂಡೆ ಎಂದ. ಗೂಡಿನ ಪಕ್ಕದಲ್ಲೇ ಬಸರಿ ಮರ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಗೌಡರು ಕೊಂಬು ತಿರುವಿ ಕೇಳಿದರು. "ರಾಯರೇ, ಹೌದೋ ಅಲ್ಲವೋ? ಒಂದು ಮಾತು ಹೇಳಿಬಿಡಿ."

ಶಂಭುರಾಯರು ಮಾತಾಡಲಿಲ್ಲ.

ಗೌಡರು ಮತ್ತೆ ಕೇಳಿದರು. ಮೂರನೆಯ ಸಲವೂ ಕೇಳಿದರು. ರಾಯರು ಗೌಡರನ್ನು ನೋಡಿದರು, ತಾರೆ ಮರದ ಸೀಳನ್ನು ನೋಡಿದರು, ಬಾಯಿ ಮಾತ್ರ ಬಿಡಲಿಲ್ಲ. ಕೆಳಗೆ ಗುಸುಗುಸು ಎದ್ದಿತು. ತಪ್ಪು ಮಾಡಿರದಿದ್ದರೆ ಇಷ್ಟು ಹೊತ್ತಿಗೆ ಹೇಳುತ್ತಿರಲಿಲ್ಲವೇ ಎಂದು ಯಾರೋ ಅಂದರು. ಕಳ್ಳ ಎಂಬ ಮಾತು ಮೊದಲು ಯಾರ ಬಾಯಿಂದ ಬಂತೋ ತಿಳಿಯಲಿಲ್ಲ. ಒಮ್ಮೆ ಬಂದ ಮೇಲೆ ಎಲ್ಲರ ಬಾಯಲ್ಲೂ ಬಂತು.

ಗೌಡರು ತೀರ್ಪು ಹೇಳಿದರು. ಸೂರ್ಯ ಮುಳುಗುವುದರೊಳಗೆ ರಾಯರು ಉತ್ತರ ಕೊಡಬೇಕು. ಕೊಡದಿದ್ದರೆ ದಂಡೆ ಬಿಟ್ಟು ಹೋಗಬೇಕು, ಮತ್ತೆ ಕಾಲಿಡಬಾರದು. ಅಲ್ಲಿಯವರೆಗೆ ಹೊನ್ನೆ ಮರದಿಂದ ಅಲುಗಾಡಕೂಡದು.

ಪೊಟರೆಯೊಳಗೆ ದಾಕ್ಷಾಯಣಮ್ಮ ಕೂಸಿನ ಕಡೆ ನೋಡಿದಳು. ಅವರು ಹೋದರೆ ಉಣಿಸುವವರಿಲ್ಲ. ಗೋಡೆ ಒಡೆದು ಹೊರಬಂದರೆ ರೆಕ್ಕೆಯಲ್ಲಿ ಗರಿಯಿಲ್ಲ. ಕೂಸಿಗೆ ಇನ್ನೂ ಕಣ್ಣೂ ಸರಿಯಾಗಿ ತೆರೆದಿಲ್ಲ. ಕೆಳಗೆ ನಂಜುಂಡ ಒಮ್ಮೆ ಪೊಟರೆಯ ಕಡೆ ನೋಡಿ ತುಟಿ ನೆಕ್ಕಿಕೊಂಡ. ಅವನಿಗೆ ಬೇಕಾದದ್ದು ಮೊಟ್ಟೆ ಒಂದೇ ಅಲ್ಲ, ಕಾವಲಿನ ಕೆಲಸ ಒಂದೇ ಅಲ್ಲ, ಪೊಟರೆಯೊಳಗಿನ ತಾನೂ ತನ್ನ ಕೂಸೂ ಕೂಡ ಎಂದು ಅವಳಿಗೆ ಆಗ ತಿಳಿಯಿತು. ತಾನು ಅವನನ್ನು ವಿನಯವಂತ ಎಂದದ್ದು ನೆನಪಾಯಿತು.

ಬಿಸಿಲು ಏರಿತು. ಕೂಸು ಅತ್ತಿತು. ಎದುರು ಕೊಂಬೆಯಲ್ಲಿ ರಾಯರು ಕುಳಿತೇ ಇದ್ದರು. ಮೊದಮೊದಲು ಅವಳಿಗೆ ಅವರ ಮೇಲೇ ಸಿಟ್ಟು ಬಂದಿತ್ತು. ಮಾತು ಕಡಿಮೆ ಸರಿ, ಅಷ್ಟು ಜನ ಕಳ್ಳ ಎನ್ನುವಾಗಲೂ ಬಾಯಿ ಬಿಡದವರು ಇರುತ್ತಾರೆಯೇ? ಹಾಗೆಂದುಕೊಳ್ಳುತ್ತಲೇ ಅವಳು ಅವರನ್ನು ಸರಿಯಾಗಿ ನೋಡಿದಳು. ಅವರ ಗಂಟಲು ಉಬ್ಬಿತ್ತು.

ಬೆಳಿಗ್ಗೆ ತಂದ ಹಣ್ಣು ಇನ್ನೂ ಅಲ್ಲೇ ಇತ್ತು. ಬಾಯಿ ತೆರೆದರೆ ಹಣ್ಣು ಕೆಳಗೆ ಬೀಳುತ್ತದೆ. ಬಿದ್ದದ್ದನ್ನು ಮತ್ತೆ ತರಲು ಅಪ್ಪಣೆಯಿಲ್ಲ. ನುಂಗಿದರೆ ಮಾತಾಡಬಹುದು, ಆದರೆ ಕೂಸಿಗೆ ಆ ದಿನದ ಊಟವಿಲ್ಲ. ಅದಕ್ಕೇ ಅವರು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಳ್ಳ ಎನಿಸಿಕೊಂಡು ಬಿಸಿಲಲ್ಲಿ ಕುಳಿತಿದ್ದರು.

ದಾಕ್ಷಾಯಣಮ್ಮ ಸ್ವಲ್ಪ ಹೊತ್ತು ಸೀಳಿನಿಂದ ಮುಖ ತಿರುಗಿಸಿಕೊಂಡಳು. ಆಮೇಲೆ ಕೊಕ್ಕನ್ನು ಸೀಳಿಗೆ ಹಚ್ಚಿ ಗಟ್ಟಿಯಾಗಿ ಹೇಳಿದಳು.

"ಗೌಡರೇ, ನಮ್ಮ ಮನೆಯವರ ಗಂಟಲಲ್ಲಿ ಕೂಸಿನ ಊಟ ಇದೆ. ಊಟ ಬಾಯಲ್ಲಿಟ್ಟುಕೊಂಡು ಮಾತಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ಮೊದಲು ಅವರಿಗೆ ಉಣಿಸಲು ಬಿಡಿ, ಆಮೇಲೆ ಕೇಳಿ."

ಗೌಡರು ಯೋಚಿಸಿದರು. ಬಿಡುತ್ತಿದ್ದರೇನೋ. ಅಷ್ಟರಲ್ಲಿ ನಂಜುಂಡ ಅವರ ಕಿವಿಯ ಹತ್ತಿರ ಬಂದು, ಗಂಟಲಲ್ಲಿ ಇರುವುದು ಹಣ್ಣೋ ಮೊಟ್ಟೆಯೋ ಯಾರು ಕಂಡರು ಎಂದ. ಸತ್ಯ ತಿಳಿಯಬೇಕಾದರೆ ಮರದ ಬುಡದ ರಾಶಿಯನ್ನು ಬಗೆದು ನೋಡಿದರಾಯಿತು, ರಾಯರು ಏನೇನು ತಂದು ಉಣಿಸಿದ್ದಾರೋ ಎಲ್ಲ ಅಲ್ಲೇ ಇರುತ್ತದೆ ಎಂದ. ಗೌಡರಿಗೆ ಅದು ಸರಿ ಕಂಡಿತು. ಆದರೆ ಅದು ಮನೆಯಂಗಳ. ಮನೆಯವರು ಒಪ್ಪದೆ ಮುಟ್ಟುವ ಹಾಗಿಲ್ಲ. ಅವರು ತಲೆಯೆತ್ತಿ ಅವಳ ಒಪ್ಪಿಗೆ ಕೇಳಿದರು.

ದಾಕ್ಷಾಯಣಮ್ಮನ ಕಣ್ಣ ಮುಂದೆ ಓತಿಕ್ಯಾತದ ಎಲುಬು ಬಂತು. ಏಳು ತಲೆಮಾರಿನ ಹೆಸರು ಬಂತು. ಕೊಂಬೆಕೊಂಬೆಯಲ್ಲೂ ಕುಳಿತು ನೋಡುತ್ತಿದ್ದ ಕೆಂಜಳಿಲುಗಳು, ಪಿಕಳಾರ ಹಕ್ಕಿಗಳು ಎಲ್ಲ ಬಂದವು. ತಮ್ಮ ಮನೆಯ ಕಸವನ್ನು ಹತ್ತು ಜನರ ಮುಂದೆ ಹರವುವುದು ಆಗದು ಎಂದು ಅವಳು ಹೇಳಿಬಿಟ್ಟಳು.

"ಕೇಳಿದಿರಲ್ಲ ಗೌಡರೇ," ಎಂದ ನಂಜುಂಡ. "ನಾನು ಇನ್ನೇನು ಹೇಳಲಿ?"

ಆಗ ನಿಂಗಜ್ಜ ಗುಂಪಿನ ಕಾಲುಗಳ ನಡುವಿನಿಂದ ನಿಧಾನವಾಗಿ ಬಂದು ಮರಕ್ಕೆ ಮೈ ತಾಗಿಸಿ ನಿಂತ. ಮೇಲಿನವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ತಾಯೀ, ಈ ರಾಶಿಯನ್ನು ನಾನು ದಿನಾ ನೋಡಿದ್ದೇನೆ. ಇಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ."

ಅವಳು ಕೊಕ್ಕು ತಗ್ಗಿಸಿ, ಅಷ್ಟೇ ಮೆಲ್ಲಗೆ, ಮೇಲ್ಗಡೆ ಒಂದು ಓತಿಕ್ಯಾತ ಇದೆ ಎಂದಳು.

"ಎರಡಿವೆ," ಎಂದ ನಿಂಗಜ್ಜ. "ನಿಮ್ಮ ಅಮ್ಮನ ಕಾಲದಲ್ಲಿ ಮೂರು ಇದ್ದವು. ಅಜ್ಜಿಯ ಕಾಲದಲ್ಲಿ ಒಂದು ಸಣ್ಣ ಹಾವೂ ಇತ್ತು. ಹಣ್ಣು ತಿನ್ನುವವರೆಲ್ಲ ಕೂಸಿಗೆ ಹಾಗೆಯೇ ಉಣಿಸುವುದು. ಬೆಳೆಯಬೇಕಲ್ಲ."

ಅಜ್ಜಿಯ ಹಾವಿನ ಸಂಗತಿ ದಾಕ್ಷಾಯಣಮ್ಮನಿಗೆ ಹೊಸದು. ಎದುರು ಕೊಂಬೆಯಲ್ಲಿ ರಾಯರ ಗಂಟಲು ಹಾಗೇ ಉಬ್ಬಿತ್ತು. ಅವರು ಕಣ್ಣು ಮುಚ್ಚಿದ್ದರು. ಬಿಸಿಲು ಅವರ ಮುಖಕ್ಕೇ ಹೊಡೆಯುತ್ತಿತ್ತು.

"ಬಗೆಯಿರಿ," ಎಂದು ಅವಳು ಗಟ್ಟಿಯಾಗಿ ಹೇಳಿದಳು. "ಆದರೆ ಬಗೆಯುವವನು ನಿಂಗಜ್ಜ. ಇನ್ನಾರೂ ಕೈ ಹಾಕಕೂಡದು."

ತಾನು ಬೇಗ ಬಗೆದುಕೊಡುತ್ತೇನೆ ಎಂದು ನಂಜುಂಡ ಮುಂದೆ ಬಂದಿದ್ದ. ನಿಂಗಜ್ಜ ಅವನನ್ನು ತಡೆದ. ಮುಂಗುಸಿ ಕೆರೆದರೆ ಮೇಲಿನದು ಕೆಳಗೆ ಹೋಗುತ್ತದೆ, ಕೆಳಗಿನದು ಮೇಲೆ ಬರುತ್ತದೆ, ಮತ್ತೆ ಏನೂ ತಿಳಿಯುವುದಿಲ್ಲ ಎಂದ. ನಿನ್ನೆ ಬಿದ್ದದ್ದರ ಮೇಲೆ ಇಂದಿನದು, ಮೊನ್ನೆಯದರ ಮೇಲೆ ನಿನ್ನೆಯದು, ಹೀಗೆ ಇದು ಪದರಪದರವಾಗಿ ಕೂತಿದೆ, ಒಂದೊಂದೇ ಪದರ ತೆಗೆಯಬೇಕು ಎಂದು ಎಲ್ಲರಿಗೂ ವಿವರಿಸಿದ. ಅವನ ನಿಧಾನಕ್ಕೆ ಗೌಡರು ಎರಡು ಸಲ ನಿಟ್ಟುಸಿರುಬಿಟ್ಟರು. ನಿಂಗಜ್ಜ ಅವಸರ ಮಾಡಲಿಲ್ಲ.

ಮೇಲಿನ ಪದರ ಬಂತು. ಅಲ್ಲಿ ಬಸರಿಯ ಸಣ್ಣ ಬೀಜಗಳಿದ್ದವು. ಜೀರುಂಡೆಯ ಹೊಳೆಯುವ ರೆಕ್ಕೆಗಳಿದ್ದವು. ಆಮೇಲೆ ಎಲುಬುಗಳು ಬಂದವು. ಮೇಲೆ ಒಂದು ಕೆಂಜಳಿಲು ಕಿಸಕ್ಕನೆ ನಕ್ಕು, "ಹಣ್ಣಿನ ಮನೆತನ ಅಂತಿದ್ರಲ್ಲ ಅಮ್ಮಾವ್ರು?" ಎಂದಿತು.

"ಹೌದು, ಹಣ್ಣಿನ ಮನೆತನವೇ," ಎಂದಳು ದಾಕ್ಷಾಯಣಮ್ಮ. "ಅದು ಓತಿಕ್ಯಾತ. ಕೂಸಿನ ಎಲುಬು ಬಲಿಯಲಿ ಎಂದು ಅದರ ಅಪ್ಪ ತಂದದ್ದು. ನಿನಗೆ ನಿನ್ನಪ್ಪ ಏನು ತಂದುಕೊಟ್ಟಿದ್ದ?"

ಕೆಂಜಳಿಲಿಗೆ ತನ್ನ ಅಪ್ಪ ಯಾರೆಂದೇ ಗೊತ್ತಿರಲಿಲ್ಲ. ಅದು ಕೊಂಬೆಯ ತುದಿಗೆ ಸರಿಯಿತು.

ಅದರ ಕೆಳಗೆ ರಾಮಪತ್ರೆಯ ಪದರ ಬಂತು. ಉದ್ದನೆಯ ಬೀಜಗಳು, ಅಲ್ಲಲ್ಲಿ ಕೆಂಪು ಪತ್ರೆಯ ಚೂರುಗಳು. ನಿಂಗಜ್ಜ ಅವನ್ನೂ ಎಲೆಯ ಮೇಲೆ ಹರವಿದ. ಒಂದು ಕೋಳಿಮೊಟ್ಟೆಯ ಚಿಪ್ಪೂ ಇರಲಿಲ್ಲ. ಮೊಟ್ಟೆ ಕಳುವಾದದ್ದು ನಿನ್ನೆ, ನಿನ್ನೆಯದು ಎಲ್ಲಕ್ಕಿಂತ ಮೇಲಿನ ಪದರ, ಅಲ್ಲಿಯೇ ಇಲ್ಲದ್ದು ಕೆಳಗೆ ಇರುವುದುಂಟೇ ಎಂದು ಅವನು ಗೌಡರನ್ನು ಕೇಳಿದ. ಗೌಡರು ತಲೆಯಾಡಿಸಿದರು. ಬಿಸಿಲಲ್ಲಿ ನಿಂತು ಅವರಿಗೂ ಸಾಕಾಗಿತ್ತು. ರಾಯರನ್ನು ಬಿಟ್ಟುಬಿಡೋಣ ಎಂದು ಅವರು ಹೇಳುವುದರಲ್ಲಿದ್ದರು.

ನಂಜುಂಡನಿಗೆ ತಡೆಯಲಾಗಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಕೆಲಸ ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು.

"ಅರ್ಧಕ್ಕೇ ನಿಲ್ಲಿಸಿದರೆ ಹೇಗೆ ಗೌಡರೇ? ಇವರದು ನಿನ್ನೆ ಮೊನ್ನೆಯ ಕಳ್ಳತನ ಅಲ್ಲ, ಬಾಗಿಲು ಮುಚ್ಚಿದ ದಿನದಿಂದಲೂ ನಡೆದದ್ದು. ಧೂಪದ ಬೀಜದ ಕೆಳಗೆ ನೋಡಿಸಿ. ಚಿಪ್ಪು ಅಲ್ಲಿವೆ."

ನಿಂಗಜ್ಜ ತಲೆ ಹೊರಳಿಸಿ ಅವನನ್ನು ಒಂದು ಗಳಿಗೆ ನೋಡಿದ. ಮತ್ತೆ ಕೆಲಸಕ್ಕೆ ತೊಡಗಿದ. ಧೂಪದ ಗಟ್ಟಿ ಬೀಜಗಳು ಬಂದವು, ಹಳೆಯವು, ಕಪ್ಪಾದವು. ಅವುಗಳ ಕೆಳಗೆ, ನೆಲಕ್ಕೆ ಹತ್ತಿ, ಬೆಳ್ಳಗೆ ಕೋಳಿಮೊಟ್ಟೆಯ ಚಿಪ್ಪುಗಳು ಇದ್ದವು.

ಗುಂಪು ಹೋ ಎಂದಿತು. ಕೆಂಪಿ ರೆಕ್ಕೆ ಬಡಿದು ಅತ್ತಳು. ಹೊಳೆಗೆ ಅಟ್ಟಿ ಎಂದು ಒಬ್ಬರು, ಗರಿ ಕಿತ್ತು ಅಟ್ಟಿ ಎಂದು ಇನ್ನೊಬ್ಬರು. ದಾಕ್ಷಾಯಣಮ್ಮ ಸೀಳಿನಿಂದ ಹಿಂದೆ ಸರಿದಳು. ಬಗೆಯಿರಿ ಎಂದವಳು ತಾನೇ. ಅವಳು ಕೂಸನ್ನು ಎದೆಯ ಕೆಳಗೆ ಎಳೆದುಕೊಂಡಳು. ರಾಯರು ಹೊನ್ನೆ ಕೊಂಬೆಯಲ್ಲಿ ಎದ್ದು ನಿಂತಿದ್ದರು. ಆದರೂ ಬಾಯಿ ತೆರೆದಿರಲಿಲ್ಲ.

ನಿಂಗಜ್ಜ ಗದ್ದಲ ಇಳಿಯುವವರೆಗೆ ಕಾದ. ಆಮೇಲೆ ಕೆಂಪಿಯ ಹತ್ತಿರ ಹೋಗಿ, ಈ ವರ್ಷ ಅವಳು ಮೊದಲ ಮೊಟ್ಟೆ ಇಟ್ಟದ್ದು ಯಾವಾಗ ಎಂದು ಕೇಳಿದ. ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಅವಳು ರೇಗಿದಳು. ಅವನು ಮತ್ತೆ ಅದನ್ನೇ ಕೇಳಿದ.

"ಬೂರುಗದ ಹೂವೆಲ್ಲ ಉದುರಿ ಕಾಯಿ ಕಟ್ಟಿದ ಮೇಲೆ," ಎಂದಳು ಕೆಂಪಿ. "ಅದಕ್ಕೆ ಮುಂಚೆ ಒಂದೂ ಇಟ್ಟಿಲ್ಲ. ದಂಡೆಯ ಕೋಳಿಗಳು ಯಾರೂ ಇಟ್ಟಿಲ್ಲ."

"ಗೌಡರೇ," ಎಂದ ನಿಂಗಜ್ಜ, "ಈ ಸಲ ಧೂಪದ ಕೊನೆಯ ಹಣ್ಣು ಬಿದ್ದು ನಾಲ್ಕು ದಿನಕ್ಕೆ ಬೂರುಗದ ಮೊದಲ ಹೂ ಬಿಟ್ಟಿತು. ಎರಡು ಮರದ ಕೆಳಗೂ ದಿನಾ ಹೋಗಿದ್ದೇನೆ. ಧೂಪದ ಬೀಜ ಇಲ್ಲಿ ಬಿದ್ದಾಗ ದಂಡೆಯಲ್ಲಿ ಒಂದು ಕೋಳಿಮೊಟ್ಟೆಯೂ ಇರಲಿಲ್ಲ. ಇಡದ ಮೊಟ್ಟೆಯ ಚಿಪ್ಪು ಅದರ ಕೆಳಗೆ ಹೇಗೆ ಬಂತು?"

ನಿಂಗಜ್ಜ ಮರದ ಹಿಂಬದಿಗೆ ಹೋಗಿ, ಅಲ್ಲಿ ಒಣ ಎಲೆಗಳನ್ನು ಸರಿಸಿ ತೋರಿಸಿದ. ಬೇರಿನ ಸಂದಿನಿಂದ ರಾಶಿಯ ತಳದವರೆಗೆ ಒಂದು ಹೊಸ ಬಿಲ ಇತ್ತು. ಮುಂಗುಸಿ ನುಸುಳುವಷ್ಟು ದಪ್ಪ.

ನಿನ್ನೆ ಮಧ್ಯಾಹ್ನ ಕೇಳಿದ ಕೆರೆತದ ಸದ್ದು ಯಾರದೆಂದು ದಾಕ್ಷಾಯಣಮ್ಮನಿಗೆ ಈಗ ಗೊತ್ತಾಯಿತು. ಅವಳು ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ತಾನು ತಪ್ಪಾಗಿ ನಿಂಗಜ್ಜನನ್ನು ಗದರಿದ್ದನ್ನೂ ಬಿಡದೆ ಹೇಳಿದಳು.

ಗೌಡರು ನಂಜುಂಡನ ಕಡೆ ತಿರುಗಿದರು. "ಧೂಪದ ಬೀಜದ ಕೆಳಗೆ ಚಿಪ್ಪು ಇದೆ ಎಂದು ನಿನಗೆ ಹೇಗೆ ಗೊತ್ತಾಯಿತು?"

ವಾಸನೆ ಬಂತು ಎಂದ ನಂಜುಂಡ. ಮೂರು ಪದರದ ಕೆಳಗಿನ ವಾಸನೆಯೇ ಎಂದು ಗೌಡರು ಕೇಳಿದರು. ಇಲ್ಲ, ಯಾರೋ ಹೇಳಿದರು ಎಂದ. ಯಾರು ಎಂದರು. ಅವನು ಅತ್ತ ನೋಡಿದ, ಇತ್ತ ನೋಡಿದ. ಬಾಯಿ ತುಂಬ ಮಾತಿದ್ದವನಿಗೆ ಈಗ ಒಂದೂ ಸಿಗಲಿಲ್ಲ. ಅವನ ಗಂಟಲಲ್ಲಿ ಮಾತ್ರ ಏನೂ ಇರಲಿಲ್ಲ.

ಕಳ್ಳತನವನ್ನು ಹಳೆಯದೆಂದು ತೋರಿಸಲು ಹೋಗಿ ಅವನು ಬೇಕಾದ್ದಕ್ಕಿಂತ ಆಳಕ್ಕೆ ಹೂತಿದ್ದ. ಸುಮ್ಮನೆ ರಾಶಿಯ ಮೇಲೆ ಎಸೆದಿದ್ದರೆ ಬಹುಶಃ ಗೆಲ್ಲುತ್ತಿದ್ದ. ಕೆಂಪಿ ಮೊದಲು ಅವನ ಮೇಲೆ ಹಾರಿದಳು. ಅವಳ ಹಿಂದೆ ದಂಡೆಯ ಹುಂಜಗಳೆಲ್ಲ ಹಾರಿದವು. ಬಾಲ ಕೆದರಿಕೊಂಡು ಹೊಳೆಗೆ ಬಿದ್ದ ನಂಜುಂಡ ಈಜಿ ಆಚೆ ಹತ್ತಿದ. ಯಾವ ಹಕ್ಕಿಯೂ ಗೂಡು ಕಟ್ಟದ ಬೋಳುಗುಡ್ಡದ ಕಡೆ ಅವನು ಓಡಿದ್ದನ್ನು ಎಲ್ಲರೂ ನೋಡಿದರು. ಕಾವಲಿನ ಕೆಲಸವನ್ನು ಗೌಡರು ಅಲ್ಲೇ ಹುಂಜಗಳಿಗೆ ಒಪ್ಪಿಸಿದರು.

ಆ ಗದ್ದಲದ ನಡುವೆ ರೆಕ್ಕೆಯ ಸದ್ದು ಕೇಳಿತು. ಶಂಭುರಾಯರು ಸೀಳಿನ ಹೊರಗೆ ಬಂದು ಕುಳಿತರು. ತಲೆ ಒಮ್ಮೆ ಕೊಡವಿ ಮೊದಲ ಹಣ್ಣನ್ನು ಮೇಲಕ್ಕೆ ತಂದರು. ದಾಕ್ಷಾಯಣಮ್ಮ ಅದನ್ನು ತೆಗೆದುಕೊಂಡು ಕೂಸಿನ ಬಾಯಿಗಿಟ್ಟಳು. ಎರಡನೆಯದು, ಮೂರನೆಯದು. ಒಟ್ಟು ಹದಿನೇಳು ಹಣ್ಣು. ಒಂದನ್ನೂ ಅವರು ನುಂಗಿರಲಿಲ್ಲ. ಕೊನೆಯದನ್ನು ಕೊಟ್ಟ ಮೇಲೆ ಅವರು ಆ ದಿನದ ಮೊದಲ ಮಾತು ಆಡಿದರು.

"ಸ್ವಲ್ಪ ಬಿಸಿಯಾಗಿಬಿಟ್ಟಿವೆ."

"ಇರಲಿ ಬಿಡಿ," ಎಂದಳು ದಾಕ್ಷಾಯಣಮ್ಮ. ಕೊನೆಯ ಹಣ್ಣನ್ನು ಅವಳು ಕೂಸಿಗೆ ಕೊಡದೆ ಅವರ ಬಾಯಿಗೇ ತಿರುಗಿ ಇಟ್ಟಳು. ಅವರು ಬೇಡ ಎನ್ನಲು ಹೋದರು. ಬಾಯಲ್ಲಿ ಊಟ ಇದ್ದದ್ದರಿಂದ ಎನ್ನಲಿಲ್ಲ.

ಕೆಳಗೆ ಗುಂಪು ಚದುರತೊಡಗಿತ್ತು. ಗೌಡರು ಮೈ ಕೊಡವಿಕೊಂಡು, ಆದದ್ದು ಆಯಿತು, ಕಳ್ಳ ಸಿಕ್ಕಿದ, ಇನ್ನು ಎಲ್ಲ ಮರೆತು ಮೊದಲಿನ ಹಾಗೆ ಇರೋಣ ಎಂದು ಹೇಳಿ ಹೊರಡಲು ತಿರುಗಿದರು.

"ನಿಲ್ಲಿ ಗೌಡರೇ," ಎಂದಳು ದಾಕ್ಷಾಯಣಮ್ಮ.

ಗೌಡರು ನಿಂತರು. ಎಲ್ಲರೂ ನಿಂತರು.

ಅವಳು ಮೊದಲು ನಿಂಗಜ್ಜನನ್ನು ಕರೆದಳು. ಅವನು ಬಂದು ಮರದ ಕೆಳಗೆ ನಿಲ್ಲುವವರೆಗೆ ಕಾದಳು. ಅದಕ್ಕೆ ಹಿಡಿಯುವಷ್ಟು ಹೊತ್ತು ಹಿಡಿಯಿತು. "ಅಜ್ಜ, ನಿನ್ನ ಕೆಲಸವನ್ನು ನಾನು ಹಗುರ ಮಾಡಿದ್ದೆ. ಹಿಕ್ಕೆ ಪಂಡಿತ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಮಾಡದ ತಪ್ಪಿಗೆ ಬೈದಿದ್ದೆ. ತಪ್ಪಾಯಿತು, ಕ್ಷಮಿಸು."

ನಿಂಗಜ್ಜ, ಅಯ್ಯೋ ತಾಯೀ, ಅದೆಲ್ಲ ಏಕೆ ಎಂದ. ಏಕೆ ಎಂದರೆ ಅದು ಸರಿ ಎಂದಳು ಅವಳು. ಆಮೇಲೆ ಕೊಕ್ಕನ್ನು ಒಮ್ಮೆ ಒರೆಸಿಕೊಂಡು, ಗೌಡರಿಂದ ಹಿಡಿದು ಕೊಂಬೆಯ ತುದಿಯ ಕೆಂಜಳಿಲಿನವರೆಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾನು ಕೇಳಿದ್ದಾಯಿತು. ಈಗ ನಿಮ್ಮ ಸರದಿ. ನಮ್ಮ ಮನೆಯವರನ್ನು ಕಳ್ಳ ಎಂದವರು ಎಷ್ಟು ಜನವೋ ಅಷ್ಟೂ ಜನ ಇಲ್ಲಿ ಸಾಲಾಗಿ ನಿಲ್ಲಿ. ಗೌಡರು ಮೊದಲು ನಿಲ್ಲಲಿ. ನಮ್ಮ ಮನೆಯವರು ಬಾಯಲ್ಲಿರುವುದನ್ನು ನುಂಗುವವರೆಗೆ ಕಾಯಿರಿ. ಆಮೇಲೆ ಒಬ್ಬೊಬ್ಬರಾಗಿ ಕ್ಷಮೆ ಕೇಳಿ."

ನೀತಿ: ತಾಳ್ಮೆಯಿಂದ ನೋಡಿ ತಿಳಿಯದೆ ಯಾರ ಮೇಲೂ ತಪ್ಪು ಹೊರಿಸಬಾರದು, ಹೊರಿಸಿದ್ದು ಸುಳ್ಳೆಂದು ತಿಳಿದ ಮೇಲೆ ಕ್ಷಮೆ ಕೇಳಲೇಬೇಕು.